ರಿಟೈರ್ ಆದ ಮೇಲೂ ಹಾರಾಟ: ನನ್ನ ಲೆಕ್ಕ, ನನ್ನ ದಾರಿ

ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಕಡೆ ನಮ್ಮ ಕನ್ನಡದವರು ಎಷ್ಟಿದ್ದಾರೆ ಅಂತ ಹೇಳಬೇಕಾಗಿಲ್ಲ. ಅವರಲ್ಲಿ ಕೆಲವರು ನನ್ನ ಹಾಗೆ ನಲವತ್ತು ದಾಟಿದ ಮೇಲೆ, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲದಲ್ಲಿ, ಪ್ರೈವೇಟ್ ಪೈಲಟ್ ಲೈಸೆನ್ಸ್ ಮಾಡಿಕೊಂಡವರು. ಸಂಬಳ ಬರುವವರೆಗೆ ಎಲ್ಲ ಸರಿ. ರಿಟೈರ್ ಆಗುತ್ತಿದ್ದ ಹಾಗೆ ಒಬ್ಬೊಬ್ಬರೇ ಹಾರಾಟ ಬಿಡುತ್ತಾರೆ. ಯಾಕೆ ಅಂತ ಕೇಳಿದರೆ ಅರ್ಧ ಜನ ಮೆಡಿಕಲ್ ಸರ್ಟಿಫಿಕೇಟ್ ಹೆಸರು ಹೇಳುತ್ತಾರೆ. ಇನ್ನರ್ಧ ಜನ, 'ಗಂಟೆಗೆ ಇನ್ನೂರು ಡಾಲರ್ ಬಾಡಿಗೆ, ಯಾರಪ್ಪಾ ಕೊಡ್ತಾರೆ' ಅನ್ನುತ್ತಾರೆ.

ನನಗೀಗ ಎಪ್ಪತ್ತು ಹತ್ತಿರ. ಬಿಪಿ ಮಾತ್ರೆ ಇದೆ, ಸಕ್ಕರೆಗೂ ಒಂದು ಮಾತ್ರೆ ಇದೆ. ಆದರೂ ಕೆಲಸದಲ್ಲಿದ್ದಾಗ ಹಾರಿಸುತ್ತಿದ್ದುದಕ್ಕಿಂತ ಈಗಲೇ ಜಾಸ್ತಿ ಹಾರಿಸುತ್ತಿದ್ದೇನೆ, ಖರ್ಚು ಅದರ ಅರ್ಧಕ್ಕಿಂತ ಕಡಿಮೆ. ಹೇಗೆ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಹಾಗಾಗಿ ಬರೆಯುತ್ತಿದ್ದೇನೆ. ಇದೆಲ್ಲ ಅಮೆರಿಕದ ನಿಯಮದ ಮಾತು. ಊರಿಗೆ ಹೋದಾಗ ಬೆಂಗಳೂರಿನ ಜಕ್ಕೂರಿನಲ್ಲಿ ನಡೆಯುವುದಿಲ್ಲ. ಅಲ್ಲಿ ಭಾರತದ ವಿಮಾನಯಾನ ಇಲಾಖೆಯಾದ ಡಿಜಿಸಿಎಯ ಮೆಡಿಕಲ್ ಬೇಕೇ ಬೇಕು.

ದುಡ್ಡು ಬಿಗಿಯಾದಾಗ ಎಲ್ಲರೂ ಮೊದಲು ಹಾರುವ ಗಂಟೆಗೆ ಕತ್ತರಿ ಹಾಕುತ್ತಾರೆ. ತಿಂಗಳಿಗೆ ಎರಡು ಸಲ ಇದ್ದದ್ದು ಒಂದಾಗುತ್ತದೆ, ಆಮೇಲೆ ಎರಡು ತಿಂಗಳಿಗೊಮ್ಮೆ. ಜೊತೆಗೆ ಯಾರನ್ನಾದರೂ ಕೂರಿಸಿಕೊಳ್ಳಬೇಕಾದರೆ 90 ದಿನದಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಆಗಿರಬೇಕು ಅನ್ನುತ್ತದೆ ನಿಯಮ. ಇಪ್ಪತ್ತೈದರ ಹುಡುಗನಿಗೆ ಅಷ್ಟು ಸಾಕಾಗಬಹುದು. ನಮ್ಮ ವಯಸ್ಸಿನವರಿಗೆ ಸಾಲದು. ಕೈಯ ಅಭ್ಯಾಸ ಬೇಗ ಹೋಗುತ್ತದೆ, ವಾಪಸ್ ಬರುವುದು ನಿಧಾನ. ಅಭ್ಯಾಸ ತಪ್ಪಿದವನಿಗೆ ಒಂದು ದಿನ ಅಡ್ಡಗಾಳಿಯಲ್ಲಿ ಲ್ಯಾಂಡಿಂಗ್ ಕೆಟ್ಟರೆ ಸಾಕು, ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಹಾಗಾಗಿ ನಾನು ಗಂಟೆಯನ್ನು ಮುಟ್ಟಲಿಲ್ಲ. ವಿಮಾನವನ್ನು ಚಿಕ್ಕದು ಮಾಡಿದೆ. ನಾಲ್ಕು ಸೀಟು, ಜಿಪಿಎಸ್ ಆಟೊಪೈಲಟ್, ಲೇಕ್ ತಾಹೋ ಪ್ರವಾಸ ಎಲ್ಲಕ್ಕೂ ಕೈ ಮುಗಿದೆ. ನಾನು ನಿಜವಾಗಿ ಹಾರಿಸುವುದು ಬೆಳಿಗ್ಗೆ ಹೊತ್ತು, ಒಬ್ಬನೇ ಅಥವಾ ಇನ್ನೊಬ್ಬರ ಜೊತೆ, ಒಂದು ಒಂದೂವರೆ ಗಂಟೆ. ಅದಕ್ಕೆ ಎರಡು ಸೀಟು ಸಾಕು, ಅಲ್ವಾ?

ಮೊದಲು ಮೆಡಿಕಲ್ ವಿಷಯ. ನಲವತ್ತು ದಾಟಿದ ಪ್ರೈವೇಟ್ ಪೈಲಟ್‌ಗಳಿಗೆ ಥರ್ಡ್ ಕ್ಲಾಸ್ ಮೆಡಿಕಲ್, ಅಂದರೆ ಆರೋಗ್ಯ ಪರೀಕ್ಷೆ, 24 ತಿಂಗಳಿಗೊಮ್ಮೆ. ಅದಕ್ಕೆ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಒಪ್ಪಿದ ವೈದ್ಯರೇ ಆಗಬೇಕು, ಅವರನ್ನು ಎಎಂಇ ಅನ್ನುತ್ತಾರೆ. 2017ರ ಮೇ 1ರಿಂದ ಬೇಸಿಕ್‌ಮೆಡ್ ಅನ್ನುವ ಇನ್ನೊಂದು ದಾರಿ ತೆರೆದಿದೆ. ನಿಮ್ಮ ಹತ್ತಿರ ಡ್ರೈವಿಂಗ್ ಲೈಸೆನ್ಸ್ ಇರಬೇಕು. 2006ರ ಜುಲೈ 14ರ ನಂತರ ಯಾವಾಗಲಾದರೂ ಒಮ್ಮೆ ಮೆಡಿಕಲ್ ಸರ್ಟಿಫಿಕೇಟ್ ಚಾಲ್ತಿಯಲ್ಲಿ ಇದ್ದಿರಬೇಕು. ಆಮೇಲೆ ನಾಲ್ಕು ವರ್ಷಕ್ಕೊಮ್ಮೆ ಲೈಸೆನ್ಸ್ ಇರುವ ಯಾವ ವೈದ್ಯರ ಹತ್ತಿರವಾದರೂ ಹೋಗಿ ಒಂದು ಚೆಕ್‌ಲಿಸ್ಟ್ ಪ್ರಕಾರ ಪರೀಕ್ಷೆ ಮಾಡಿಸಬೇಕು. ಎರಡು ವರ್ಷಕ್ಕೊಮ್ಮೆ ಆನ್‌ಲೈನ್ ಕೋರ್ಸ್ ಮುಗಿಸಬೇಕು. ವಿಮಾನ ಮಾಲೀಕರ ಮತ್ತು ಪೈಲಟ್‌ಗಳ ಸಂಘವಾದ ಎಒಪಿಎಯ ಕೋರ್ಸ್ ಉಚಿತ. ಮನೆಯಲ್ಲೇ ಕಾಫಿ ಕುಡಿಯುತ್ತಾ ಮುಗಿಸಬಹುದು.

ಕೇಳಲು ಸುಲಭ. ಆದರೆ ಸಹಿ ಹಾಕುವ ವೈದ್ಯರು ಸಿಗುವುದು ಸುಲಭವಲ್ಲ. ನನ್ನ ಫ್ಯಾಮಿಲಿ ಡಾಕ್ಟರ್ ಇರುವುದು ಒಂದು ದೊಡ್ಡ ಆಸ್ಪತ್ರೆಯಲ್ಲಿ. ನನ್ನ ಮೈ ಅವರಿಗೆ ಚೆನ್ನಾಗಿಯೇ ಗೊತ್ತು. ಆದರೂ 'ಇಂಥ ಫಾರಂಗೆ ಸಹಿ ಹಾಕಬಾರದು ಅಂತ ನಮ್ಮಲ್ಲಿ ನಿಯಮ ಇದೆ' ಅಂದುಬಿಟ್ಟರು. ಕೊನೆಗೆ ಕನ್ನಡ ಕೂಟದಲ್ಲಿ ಪರಿಚಯವಾಗಿದ್ದ, ಸ್ವಂತ ಕ್ಲಿನಿಕ್ ಇಟ್ಟುಕೊಂಡಿರುವ ಒಬ್ಬ ಹುಡುಗಿಯನ್ನು ಕೇಳಿದೆ. 'ಅಂಕಲ್, ಫಾರಂ ತಗೊಂಡು ಬನ್ನಿ. ಪೂರ್ತಿ ಓದಿ ನೋಡ್ತೀನಿ. ಓದದೆ ಸಹಿ ಹಾಕೋದಿಲ್ಲ' ಅಂದಳು. ಹಾಗೇ ಮಾಡಿದಳು ಕೂಡ. ಮೊದಲ ಭಾಗ ನಾವು ತುಂಬುವುದು: ಕಾಯಿಲೆ, ಮಾತ್ರೆ, ಆಪರೇಷನ್ ಎಲ್ಲ. ಆಮೇಲೆ ಅವಳು ಕಣ್ಣು, ಕಿವಿ, ಎದೆ, ಹೊಟ್ಟೆ, ನರ ಅಂತ ಒಂದೊಂದೇ ಗೆರೆಗೆ ಗುರುತು ಹಾಕುತ್ತಾ ಹೋದಳು. ಸಕ್ಕರೆ ಮಾತ್ರೆಯಿಂದ ಸಕ್ಕರೆ ಇಳಿದು ತಲೆಸುತ್ತು ಬಂದಿದೆಯಾ ಅಂತ ಎರಡು ಸಲ ಕೇಳಿದಳು. ಹಿಂದಿನ ಯಾವ ಎಎಂಇಯೂ ನನ್ನನ್ನು ಇಷ್ಟು ಜಾಲಾಡಿರಲಿಲ್ಲ! ಈ ಫಾರಂ ಎಫ್‌ಎಎಗೆ ಹೋಗುವುದಿಲ್ಲ, ನಮ್ಮ ಹತ್ತಿರವೇ ಇರುತ್ತದೆ. ಕೋರ್ಸ್ ಮುಗಿಸುವಾಗ ವೈದ್ಯರ ಹೆಸರು, ಲೈಸೆನ್ಸ್ ನಂಬರ್, ತಾರೀಖು ಕೊಡಬೇಕು ಅಷ್ಟೇ.

ಹೃದಯದ ದೊಡ್ಡ ತೊಂದರೆ ಆಗಿದ್ದರೆ, ಅಂದರೆ ಹಾರ್ಟ್ ಅಟ್ಯಾಕ್, ಬೈಪಾಸ್, ವಾಲ್ವ್ ಬದಲಾವಣೆ ಅಂಥದ್ದು, ಮೊದಲು ಒಂದು ಸಲ ಎಫ್‌ಎಎಯಿಂದ ಸ್ಪೆಷಲ್ ಇಶ್ಯುಯೆನ್ಸ್, ಅಂದರೆ ಕಾಯಿಲೆ ಇದ್ದರೂ ವಿಶೇಷವಾಗಿ ಕೊಡುವ ಮೆಡಿಕಲ್, ಪಡೆಯಬೇಕು. ಆಮೇಲೆ ಬೇಸಿಕ್‌ಮೆಡ್‌ಗೆ ಬರಬಹುದು.

ಇಲ್ಲೊಂದು ಗುಂಡಿ ಇದೆ, ದಯವಿಟ್ಟು ಗಮನಿಸಿ. ನೀವು ಕೊನೆಯದಾಗಿ ಹಾಕಿದ ಮೆಡಿಕಲ್ ಅರ್ಜಿಯನ್ನು ಎಫ್‌ಎಎ ತಿರಸ್ಕರಿಸಿದ್ದರೆ ಬೇಸಿಕ್‌ಮೆಡ್ ಇಲ್ಲ, ಡ್ರೈವಿಂಗ್ ಲೈಸೆನ್ಸ್ ಮೇಲೆ ಹಾರಿಸುವ ಸ್ಪೋರ್ಟ್ ಪೈಲಟ್ ದಾರಿಯೂ ಇಲ್ಲ. ಅವಧಿ ಮುಗಿದು ಸುಮ್ನೆ ಬಿದ್ದಿರುವ ಮೆಡಿಕಲ್‌ನಿಂದ ಏನೂ ತೊಂದರೆಯಿಲ್ಲ, ತಿರಸ್ಕಾರವಾದದ್ದು ಮಾತ್ರ ಬೆನ್ನು ಹತ್ತುತ್ತದೆ. ಹಾಗಾಗಿ ಆರೋಗ್ಯದ ಬಗ್ಗೆ ಒಂಚೂರು ಅನುಮಾನ ಇದ್ದರೂ 'ನೋಡೋಣ, ಒಂದು ಅರ್ಜಿ ಹಾಕೋಣ' ಅಂತ ಹೊರಡಬೇಡಿ. ಮೊದಲು ಒಬ್ಬ ಎಎಂಇಗೆ ಫೀಸು ಕೊಟ್ಟು, ಅರ್ಜಿ ಹಾಕದೆ, ಬರೀ ಸಲಹೆ ಕೇಳಿ. ಮುಚ್ಚಿಡುವ ಮಾತಲ್ಲ ಇದು. ಹಾರಬಾರದ ಕಾಯಿಲೆ ಇದ್ದರೆ ಯಾವ ದಾರಿಯಲ್ಲೂ ಹಾರಬಾರದು, ಅದನ್ನು ನಮಗೆ ನಾವೇ ಹೇಳಿಕೊಳ್ಳಬೇಕು ಅಂತ ನಿಯಮದಲ್ಲೇ ಇದೆ.

ಸ್ಪೋರ್ಟ್ ಪೈಲಟ್ ನಿಯಮ 2004ರಿಂದ ಇದೆ. ಅದಕ್ಕೆ ಡ್ರೈವಿಂಗ್ ಲೈಸೆನ್ಸ್ ಸಾಕು, ವೈದ್ಯರ ಸಹಿ ಬೇಡ. ಆದರೆ ಆಗ ವಿಮಾನದ ತೂಕ 1,320 ಪೌಂಡ್ ಮೀರುವಂತಿರಲಿಲ್ಲ. ಸೆಸ್ನಾ 150 ಎಲ್ಲರೂ ಕಲಿಯಲು ಬಳಸಿದ ಬಡಪಾಯಿ ವಿಮಾನ. ಅದರ ಪೂರ್ತಿ ತೂಕ 1,600 ಪೌಂಡ್, ಹಾಗಾಗಿ ಅದು ಲೆಕ್ಕಕ್ಕೇ ಬರುತ್ತಿರಲಿಲ್ಲ. ವಯಸ್ಸಾದವರು ಒಂದೋ ಲಕ್ಷಗಟ್ಟಲೆ ಡಾಲರಿನ ಹೊಸ ಲೈಟ್ ಸ್ಪೋರ್ಟ್ ವಿಮಾನ ಕೊಳ್ಳಬೇಕಿತ್ತು, ಇಲ್ಲ 1940ರ ಕಾಲದ ಏರಾಂಕಾ ಚಾಂಪ್, ಪೈಪರ್ ಕಬ್ ಹುಡುಕಿಕೊಂಡು ಅಲೆಯಬೇಕಿತ್ತು. 2025ರ ಅಕ್ಟೋಬರ್ 22ರಿಂದ ಮೊಸಾಯಿಕ್ ಅನ್ನುವ ಹೊಸ ನಿಯಮ ಬಂದು ಇದು ಬದಲಾಯಿತು. ಈಗ ತೂಕದ ಮಾತಿಲ್ಲ. ರೆಕ್ಕೆಯ ಹಿಂದಿನ ಫ್ಲ್ಯಾಪ್ ಇಳಿಸದೆ ಸ್ಟಾಲ್ ಆಗುವ, ಅಂದರೆ ರೆಕ್ಕೆಯ ಎತ್ತುವ ಬಲ ತಪ್ಪುವ, ವೇಗ 59 ನಾಟ್ ಒಳಗಿದ್ದರೆ ಆಯಿತು. ಸೆಸ್ನಾ 150 ಮಾತ್ರವಲ್ಲ, ನಾಲ್ಕು ಸೀಟಿನ ಸೆಸ್ನಾ 172 ಕೂಡ ಬರುತ್ತದೆ. ಸೀಟು ನಾಲ್ಕಿದ್ದರೂ ಒಬ್ಬರನ್ನಷ್ಟೇ ಕೂರಿಸಿಕೊಳ್ಳಬಹುದು. ನನ್ನ ಬೇಸಿಕ್‌ಮೆಡ್ ಇನ್ನೂ ಚಾಲ್ತಿಯಲ್ಲಿದೆ, ಆದರೆ ಮುಂದೆ ಸಹಿ ಹಾಕುವವರು ಸಿಗದಿದ್ದರೆ ಇದು ನನ್ನ ಎರಡನೇ ಬಾಗಿಲು.

ಇನ್ನು ದುಡ್ಡು. ಮೂವರು ಸೇರಿ ಒಂದು ಹಳೆಯ ಸೆಸ್ನಾ 150 ಕೊಂಡೆವು. ನಾನು, ಒಬ್ಬ ರಿಟೈರ್ಡ್ ಸ್ಕೂಲ್ ಮೇಷ್ಟ್ರು, ಇನ್ನೊಬ್ಬರು ಅಗ್ನಿಶಾಮಕ ದಳದಲ್ಲಿ ಇದ್ದವರು. ವಿಮಾನವನ್ನು ನಗರದ ಒಳಗಿನ ರೀಡ್-ಹಿಲ್‌ವ್ಯೂ ಬಿಟ್ಟು ದಕ್ಷಿಣದ ಸ್ಯಾನ್ ಮಾರ್ಟಿನ್‌ನಲ್ಲಿ ನಿಲ್ಲಿಸಿದೆವು. ಹ್ಯಾಂಗರ್ ಆಸೆ ಬಿಟ್ಟು ಬಯಲಲ್ಲೇ ಹಗ್ಗ ಕಟ್ಟಿ ಇಟ್ಟೆವು. ಜಾಗದ ಬಾಡಿಗೆ, ವಿಮೆ, ವರ್ಷದ ತಪಾಸಣೆ ಎಲ್ಲ ಸೇರಿ ವರ್ಷಕ್ಕೆ ಸುಮಾರು 5,400 ಡಾಲರ್, ಒಬ್ಬರಿಗೆ 1,800. ಹಾರಿದರೂ ಹಾರದಿದ್ದರೂ ಇದನ್ನು ಕೊಡಲೇಬೇಕು. ಅದರ ಮೇಲೆ ಗಂಟೆಗೆ ಐದೂವರೆ ಗ್ಯಾಲನ್ ಪೆಟ್ರೋಲ್, ಆಯಿಲ್, ಮುಂದೊಂದು ದಿನ ಎಂಜಿನ್ ಬಿಚ್ಚುವಾಗ ಬೇಕಾಗುತ್ತದೆ ಅಂತ ಎತ್ತಿಡುವ ದುಡ್ಡು, ಎಲ್ಲ ಸೇರಿ 50 ಡಾಲರ್ ಹತ್ತಿರ. ವರ್ಷಕ್ಕೆ 60 ಗಂಟೆ ಹಾರಿಸಿದರೆ ಒಟ್ಟು 4,800 ಡಾಲರ್. ಅಷ್ಟೇ ಗಂಟೆ 172ನ್ನು 190 ಡಾಲರಿಗೆ ಬಾಡಿಗೆ ಹಿಡಿದರೆ 11,400. ಆದರೆ ವರ್ಷಕ್ಕೆ ಹತ್ತು ಗಂಟೆ ಹಾರಿಸುವವರಿಗೆ ಬಾಡಿಗೆಯೇ ಅಗ್ಗ. ಅಂಥವರು ವಿಮಾನ ಕೊಳ್ಳಬೇಡಿ. ಒಳ್ಳೆಯ ಕ್ಲಬ್ ಇದ್ದರೆ ಸೇರಿಕೊಳ್ಳಿ.

ಸೆಸ್ನಾ 150ರ ಇಕ್ಕಟ್ಟು ಇದ್ದದ್ದೇ. ಭುಜಕ್ಕೆ ಭುಜ ತಾಗುತ್ತದೆ. ಇಬ್ಬರೂ ದಪ್ಪಗಿದ್ದರೆ ಟ್ಯಾಂಕ್ ಪೂರ್ತಿ ತುಂಬಿಸುವ ಹಾಗಿಲ್ಲ. ನನ್ನ ಹೆಂಡತಿ ಒಂದು ಸಲ ಕೂತು, 'ರೀ, ಇದಕ್ಕಿಂತ ನಮ್ಮೂರ ಆಟೋನೇ ವಾಸಿ' ಅಂದಳು. ಆದರೆ ರೆಕ್ಕೆ ಮೇಲಿರುವುದರಿಂದ ಹತ್ತುವುದು ಇಳಿಯುವುದು ಮಂಡಿಗೆ ಸುಲಭ. ರೆಕ್ಕೆ ಕೆಳಗಿರುವ ವಿಮಾನವಾದರೆ ಅದರ ಮೇಲೆ ಹತ್ತಿ ಒಳಗೆ ಇಳಿಯಬೇಕು. ವಿಮಾನ ಆರಿಸುವಾಗ ವೇಗ ನೋಡುವ ಮೊದಲು ಬಾಗಿಲು ನೋಡಿ.

ಖರ್ಚು ಇಳಿಯುವ ಇನ್ನೊಂದು ಜಾಗ ರಿಪೇರಿ. ಪೈಲಟ್ ತನ್ನ ಸ್ವಂತ ವಿಮಾನಕ್ಕೆ ತಾನೇ ಮಾಡಬಹುದಾದ ಕೆಲಸಗಳ ಪಟ್ಟಿ ನಿಯಮದಲ್ಲೇ ಇದೆ: ಆಯಿಲ್ ಬದಲಿಸುವುದು, ಸ್ಪಾರ್ಕ್ ಪ್ಲಗ್ ತೊಳೆಯುವುದು, ಟಯರ್, ಬಲ್ಬು, ಬ್ಯಾಟರಿ. ನಮ್ಮ ಕಾಂಟಿನೆಂಟಲ್ ಒ-200 ಎಂಜಿನ್‌ಗೆ ಆಯಿಲ್ ಫಿಲ್ಟರ್ ಇಲ್ಲ, ಲೋಹದ ಜಾಲರಿ ಇದೆ. ಹಾಗಾಗಿ 25 ಗಂಟೆಗೊಮ್ಮೆ ಆಯಿಲ್. ಎಂಜಿನ್ ಬಿಸಿ ಇರುವಾಗಲೇ ಹಳೆಯ ಆಯಿಲ್ ಇಳಿಸುತ್ತೇವೆ. ಜಾಲರಿ ಬಿಚ್ಚಿ ಸಾಲ್ವೆಂಟ್‌ನಲ್ಲಿ ಅಲ್ಲಾಡಿಸಿ, ಆ ಸಾಲ್ವೆಂಟನ್ನು ಬಿಳಿ ಬಟ್ಟೆ ಮೇಲೆ ಸುರಿದು ಬಿಸಿಲಿಗೆ ಹಿಡಿಯುತ್ತೇವೆ. ಕಪ್ಪು ಪುಡಿ ಇದ್ದರೆ ಕಾರ್ಬನ್, ಚಿಂತೆಯಿಲ್ಲ. ಏನಾದರೂ ಮಿನುಗಿದರೆ ಆಯಸ್ಕಾಂತ ತರುತ್ತೇವೆ. ಅಂಟಿದರೆ ಕಬ್ಬಿಣದ ಭಾಗ, ಅಂಟದಿದ್ದರೆ ಅಲ್ಯುಮಿನಿಯಂ ಅಥವಾ ಬೇರಿಂಗ್. ಎರಡರಲ್ಲಿ ಯಾವುದೇ ಆಗಲಿ, ಮೆಕ್ಯಾನಿಕ್‌ಗೆ ಫೋನ್ ಹೋಗುತ್ತದೆ. ಜಾಲರಿ ವಾಪಸ್ ಕೂರಿಸಿ ಅದು ಸಡಿಲವಾಗದ ಹಾಗೆ ಸೇಫ್ಟಿ ವೈರ್ ಹೆಣೆಯುವುದು ಮೇಷ್ಟ್ರ ಕೆಲಸ, ಅವರ ಕೈ ನಡುಗುವುದಿಲ್ಲ. ಕೊನೆಗೆ ಲಾಗ್‌ಬುಕ್‌ನಲ್ಲಿ ತಾರೀಖು, ಮಾಡಿದ ಕೆಲಸ, ಸಹಿ, ಲೈಸೆನ್ಸ್ ನಂಬರ್. ವರ್ಷದ ತಪಾಸಣೆ ಮಾತ್ರ ಅಧಿಕಾರ ಇರುವ ಮೆಕ್ಯಾನಿಕ್ಕೇ ಮಾಡಬೇಕು. ಆದರೆ ಅವರು ಬರುವ ಹಿಂದಿನ ದಿನ ನಾವೇ ಮುಚ್ಚಳಗಳನ್ನೆಲ್ಲ ಬಿಚ್ಚಿ, ಸ್ಕ್ರೂಗಳನ್ನು ಡಬ್ಬಿಗೆ ಹಾಕಿ, ಗ್ರೀಸ್ ಒರೆಸಿ ಇಡುತ್ತೇವೆ. ಬಿಲ್ಲಿನಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಇಂಥ ಕೆಲಸಕ್ಕೆ ಒಪ್ಪುವ ಮೆಕ್ಯಾನಿಕ್ ಸಿಕ್ಕರೆ ಅವರನ್ನು ದೇವರ ಹಾಗೆ ನೋಡಿಕೊಳ್ಳಿ.

ಪೆಟ್ರೋಲ್ ಬಗ್ಗೆ ಒಂದು ಮಾತು. ಬೇರೆ ರಾಜ್ಯಗಳಲ್ಲಿ ಇಂಥ ಹಳೆಯ ಎಂಜಿನ್‌ಗೆ, ಎಸ್‌ಟಿಸಿ, ಅಂದರೆ ಇಂಥ ಬದಲಾವಣೆಗೆ ಎಫ್‌ಎಎ ಒಪ್ಪಿಗೆಯ ಕಾಗದ, ಮಾಡಿಸಿಕೊಂಡು, ಎಥನಾಲ್ ಬೆರೆಸದ ಕಾರ್ ಪೆಟ್ರೋಲ್ ಹಾಕಿ ಉಳಿಸುತ್ತಾರೆ. ಕ್ಯಾಲಿಫೋರ್ನಿಯಾದ ಬಂಕುಗಳಲ್ಲಿ ಸಿಗುವುದು ಎಥನಾಲ್ ಬೆರೆತದ್ದೇ, ಹಾಗಾಗಿ ನಮಗೆ ಆ ಲಾಭ ಇಲ್ಲ. ನಮ್ಮ ಸಾಂಟಾ ಕ್ಲಾರಾ ಕೌಂಟಿ 2022ರ ಜನವರಿಯಿಂದ ತನ್ನ ಎರಡೂ ಏರ್‌ಪೋರ್ಟ್‌ಗಳಲ್ಲಿ ಸೀಸ ಇರುವ ಪೆಟ್ರೋಲ್ ಮಾರುವುದನ್ನೇ ನಿಲ್ಲಿಸಿತು. ದೊಡ್ಡ ಎಂಜಿನ್‌ನವರು ಕೂಗಾಡಿದರು. ಒ-200ಗೆ ಸೀಸ ಇಲ್ಲದ ಯುಎಲ್94 ಸಾಕು, ಪ್ಲಗ್ಗಿನಲ್ಲಿ ಸೀಸದ ಗಂಟು ಕಟ್ಟುವುದೂ ತಪ್ಪಿತು.

ವಿಮೆ ವಿಷಯ ಬೇಸರದ್ದು. ಎಪ್ಪತ್ತು ಹತ್ತಿರ ಬಂದಾಗ ಒಂದು ಕಂಪನಿ ರೇಟ್ ಹೇಳುವುದಕ್ಕೂ ಒಪ್ಪಲಿಲ್ಲ. ನಾನು ಕಂಡಂತೆ, ಆ ವಯಸ್ಸಿನಲ್ಲಿ ಹೊಸದಾಗಿ ಬಾಗಿಲು ತಟ್ಟುವವನಿಗೆ ಕಷ್ಟ, ಮೊದಲಿನಿಂದ ಇರುವ ಗ್ರಾಹಕನನ್ನು ಅಷ್ಟು ಬೇಗ ಬಿಡುವುದಿಲ್ಲ. ಚಕ್ರ ಮಡಚುವ ವಿಮಾನವಾದರೆ ಕಷ್ಟ ಇನ್ನೂ ಜಾಸ್ತಿ. ಚಿಕ್ಕ ವಿಮಾನಕ್ಕೆ ಇಳಿಯುವ ಯೋಚನೆ ಇದ್ದರೆ ಅರವತ್ತೈದರ ಆಸುಪಾಸಿನಲ್ಲೇ ಇಳಿದುಬಿಡಿ. ವಿಮೆ ಒಂದು ವರ್ಷವೂ ಕಡಿಯದ ಹಾಗೆ ನೋಡಿಕೊಳ್ಳಿ.

ಎಂಜಿನ್ ಇಲ್ಲದ ಗ್ಲೈಡರನ್ನೂ ಹಾರಿಸಿದ್ದೇನೆ, ಪಕ್ಕದ ಹಾಲಿಸ್ಟರ್‌ನಲ್ಲಿ. ಅದಕ್ಕೆ ಮೆಡಿಕಲ್ಲೇ ಬೇಡ. ವಿಮಾನದ ಪ್ರೈವೇಟ್ ಲೈಸೆನ್ಸ್ ಇದ್ದವರು ಮತ್ತೆ ಲಿಖಿತ ಪರೀಕ್ಷೆ ಬರೆಯಬೇಕಾಗಿಲ್ಲ. ಕನಿಷ್ಠ ಮೂರು ಗಂಟೆಯ ಹಾರಾಟ ಆಗಿರಬೇಕು, ಅದರಲ್ಲಿ ಹತ್ತು ಸಲ ಒಬ್ಬರೇ ಹಾರಿರಬೇಕು. ಆಮೇಲೆ ಪರೀಕ್ಷೆ. ಕಾಲಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ, ರಡ್ಡರ್, ಅಂದರೆ ಕಾಲಿನಿಂದ ತಿರುಗಿಸುವ ಬಾಲದ ಚುಕ್ಕಾಣಿ, ಸರಿಯಾಗಿ ಒತ್ತದಿದ್ದರೆ ತಕ್ಷಣ ತೋರಿಸಿಕೊಡುತ್ತದೆ. ಆದರೆ ಇಪ್ಪತ್ತು ನಿಮಿಷ ಹಾರಲು ಇಡೀ ದಿನ ಬಿಸಿಲಲ್ಲಿ ನಿಂತು ಬೇರೆಯವರ ರೆಕ್ಕೆ ಹಿಡಿದು ಓಡಬೇಕು. ನನ್ನ ಮಂಡಿ ಅದಕ್ಕೆ ಒಪ್ಪಲಿಲ್ಲ. ನಿಮ್ಮದು ಒಪ್ಪಿದರೆ ಖಂಡಿತ ಹೋಗಿ. ಅಲ್ಟ್ರಾಲೈಟ್ ಇನ್ನೂ ಅಗ್ಗ. ಒಂದೇ ಸೀಟು, 254 ಪೌಂಡ್ ಒಳಗೆ ತೂಕ. ಲೈಸೆನ್ಸೂ ಬೇಡ, ಮೆಡಿಕಲ್ಲೂ ಬೇಡ. ನನಗೆ ಅದರಲ್ಲಿ ಆಸಕ್ತಿ ಬರಲಿಲ್ಲ.

ಯಾವ ಕಾಗದವೂ ಇಲ್ಲದವರಿಗೂ ಒಂದು ದಾರಿ ಇದೆ. ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಕೂತು ಜವಾಬ್ದಾರಿ ಹೊತ್ತರೆ ನೀವು ಹಾರಿಸಬಹುದು. ಇಲ್ಲವೇ ನಮ್ಮಂಥ ಇಬ್ಬರು ಸೇರಿ ಹೋಗಿ, ಪೆಟ್ರೋಲ್ ಖರ್ಚು ಸಮಪಾಲು. ಜವಾಬ್ದಾರಿ ಹೊತ್ತ ಪೈಲಟ್ ತನ್ನ ಪಾಲನ್ನು ತಾನು ಕೊಡಲೇಬೇಕು ಅನ್ನುವುದಷ್ಟೇ ಕಾನೂನು. ನಾನೂ ಮೇಷ್ಟ್ರೂ ಆಗಾಗ ಹೀಗೇ ಹ್ಯಾರಿಸ್ ರಾಂಚ್‌ಗೆ ಹೋಗುತ್ತೇವೆ. ಹೋಟೆಲ್ ಪಕ್ಕದಲ್ಲೇ ರನ್‌ವೇ, ಬೀಫ್‌ಗೆ ಹೆಸರಾದ ಜಾಗ. ಅವರು ಒಳಗೆ ಹೋಗಿ ತಿನ್ನುತ್ತಾರೆ, ನಾನು ರೆಕ್ಕೆ ನೆರಳಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚುತ್ತೇನೆ.

ಕೊನೆಯದು ಒಪ್ಪಂದದ ಕಾಗದ. ಎಷ್ಟೇ ಸ್ನೇಹ ಇರಲಿ, ಬರೆದುಕೊಳ್ಳಿ. ಪಾಲು ಮಾರುವಾಗ ಉಳಿದಿಬ್ಬರಿಗೆ ಮೊದಲ ಹಕ್ಕು, ಒಬ್ಬರು ತೀರಿಕೊಂಡರೆ ಮನೆಯವರಿಗೆ ಎಷ್ಟು ದಿನದಲ್ಲಿ ದುಡ್ಡು ಕೊಡಬೇಕು, ರಿಪೇರಿ ಖರ್ಚು ಎಷ್ಟು ದಾಟಿದರೆ ಮೂವರೂ ಒಪ್ಪಬೇಕು, ಇದೆಲ್ಲ ನಮ್ಮ ಕಾಗದದಲ್ಲಿದೆ. ನಾನು ಹಟ ಹಿಡಿದು ಸೇರಿಸಿದ ಒಂದು ಕಲಮೂ ಇದೆ: ಮೂವರಲ್ಲಿ ಯಾರಾದರೂ ಇನ್ನೊಬ್ಬರಿಗೆ 'ಇನ್‌ಸ್ಟ್ರಕ್ಟರ್ ಜೊತೆ ಒಂದು ಸಲ ಹೋಗಿ ಬನ್ನಿ' ಅಂದರೆ, ವಾದ ಮಾಡದೆ ಹೋಗಬೇಕು. ಅಲ್ಲಿಯವರೆಗೆ ವಿಮಾನದ ಕೀಲಿಕೈಯನ್ನು ಉಳಿದವರಿಗೆ ಕೊಟ್ಟಿರಬೇಕು. ಎರಡು ವರ್ಷಕ್ಕೊಮ್ಮೆ ಕಾನೂನಿನ ಫ್ಲೈಟ್ ರಿವ್ಯೂ ಇದ್ದೇ ಇದೆ, ಆದರೆ ನಮ್ಮ ವಯಸ್ಸಿನಲ್ಲಿ ಎರಡು ವರ್ಷ ತುಂಬ ದೊಡ್ಡದು. ಈ ಕಲಮನ್ನು ಈಗಾಗಲೇ ಬಳಸಿದ್ದೇವೆ. ಯಾರು ಯಾರಿಗೆ ಹೇಳಿದ್ದು ಅಂತ ಇಲ್ಲಿ ಬರೆಯುವುದಿಲ್ಲ. ಹೋದವರು ಇನ್‌ಸ್ಟ್ರಕ್ಟರ್ ಸಹಿ ಮಾಡಿಸಿಕೊಂಡು ಬಂದರು, ಮುಂದಿನ ಭಾನುವಾರ ಮೂವರೂ ಸೇರಿ ಆಯಿಲ್ ಬದಲಿಸಿದೆವು.