ಕ್ಲಿಕ್ಕರ್ ಒತ್ತಿದರೂ ನಾಯಿ ತಿರುಗದಿದ್ದರೆ: ನನ್ನ ಅನುಭವ

ಕ್ಲಿಕ್ಕರ್ ಅಂದರೆ ನಾಯಿ ತರಬೇತಿಗೆ ಬಳಸುವ, ಒತ್ತಿದರೆ 'ಕ್ಲಿಕ್' ಅನ್ನುವ ಅಂಗೈಯಗಲದ ಸಾಧನ. ನನ್ನ ತೊಂದರೆ ಇಷ್ಟೇ. ಅಂಗಳದಲ್ಲಿ ಕ್ಲಿಕ್ ಆದ ತಕ್ಷಣ ನಾಯಿ ತಿರುಗುತ್ತಿತ್ತು. ತುಮಕೂರಿನ ಹೊರಗೆ ಶಿರಾ ರಸ್ತೆಯಲ್ಲಿ ಕುರಿಮಂದೆ ಕಂಡರೆ ಅದೇ ಸದ್ದು ಕಿವಿಗೇ ಬೀಳದ ಹಾಗೆ ಹಗ್ಗ ಜಗ್ಗುತ್ತಿತ್ತು.

ಜೋರು ಸದ್ದಿನ ಕ್ಲಿಕ್ಕರ್ ತಂದದ್ದು, ಬೆಳಗಿನ ಊಟ ತಪ್ಪಿಸಿದ್ದು ಯಾವುದೂ ಫಲ ಕೊಡಲಿಲ್ಲ. ಕರೆಯಲೆಂದು ಮೂರು ನಾಲ್ಕು ಸಲ ಒತ್ತಿದ್ದಂತೂ ಶುದ್ಧ ತಪ್ಪು. ಕ್ಲಿಕ್ ಕರೆಯಲ್ಲ, 'ಈಗ ಮಾಡಿದ್ದು ಸರಿ, ತಿಂಡಿ ಬರುತ್ತೆ' ಅನ್ನುವ ಗುರುತು.

ಮೊಬೈಲಲ್ಲಿ ನಿಧಾನಗತಿಯ ವಿಡಿಯೊ ತೆಗೆದಾಗ ಕಾರಣ ಸಿಕ್ಕಿತು. ಕ್ಲಿಕ್‌ಗಿಂತ ಮೊದಲೇ ಬಲಗೈ ತಿಂಡಿ ಚೀಲಕ್ಕೆ ಹೋಗುತ್ತಿತ್ತು. ನಾಯಿ ಕಲಿತದ್ದು ಕೈಯನ್ನು, ಸದ್ದನ್ನಲ್ಲ. ಬೆನ್ನು ತಿರುಗಿಸಿ ನಿಂತ ನಾಯಿಗೆ ಕೈ ಎಲ್ಲಿ ಕಾಣಬೇಕು?

ಸರಿಪಡಿಸಿದ ಕ್ರಮ: ಬಲಗೈ ಬೆನ್ನ ಹಿಂದೆ. ಎಡಗೈಯಲ್ಲಿ ಒಂದೇ ಕ್ಲಿಕ್. ಮನಸ್ಸಲ್ಲೇ 'ಒಂದು' ಎಣಿಸಿ, ಆಮೇಲೆ ಕೈ ಚೀಲಕ್ಕೆ. ಸಲಕ್ಕೆ 15 ಕ್ಲಿಕ್, ದಿನಕ್ಕೆ 3 ಸಲ, ಮೂರು ದಿನ ಅಂಗಳದಲ್ಲೇ. ತಪ್ಪಿ ಒತ್ತಿದರೂ ತಿಂಡಿ ಕೊಡಲೇಬೇಕು. ಆಮೇಲೆ ಬೀದಿ, ಕೊನೆಗೆ ಮಂದೆಯಿಂದ 60 ಹೆಜ್ಜೆ ದೂರ. ಅಲ್ಲಿ ಕುರಿ ಬಿಟ್ಟು ನಮ್ಮತ್ತ ಕತ್ತು ಹೊರಳಿಸಿದ ಕ್ಷಣಕ್ಕೇ ಕ್ಲಿಕ್. ಕ್ಲಿಕ್ ಆದರೂ ತಿಂಡಿಗೆ ಬರದಿದ್ದರೆ 20 ಹೆಜ್ಜೆ ಹಿಂದೆ ಸರಿಯಬೇಕು.

ಬಿಸ್ಕತ್ತು ಬೇಡ. ಪುಡಿ ಉದುರಿ ನಾಯಿ ನೆಲ ಮೂಸುತ್ತಾ ನಿಲ್ಲುತ್ತೆ, ಮುಂದಿನ ಕ್ಲಿಕ್ ದಂಡ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಮೂಳೆಯಿಲ್ಲದ ಕೋಳಿ, ಕಡಲೆಕಾಳಿನಷ್ಟು ತುಂಡು. ಕೊಟ್ಟ ತಿಂಡಿಯಷ್ಟನ್ನು ದಿನದ ಊಟದಲ್ಲಿ ಕಡಿಮೆ ಮಾಡಿ. ಸದ್ದಿಗೆ ಬೆಚ್ಚುವ ನಾಯಿಯಾದರೆ ಕ್ಲಿಕ್ಕರ್ ಅನ್ನು ಕಾಲುಚೀಲದೊಳಗಿಟ್ಟು ಒತ್ತಿ.