ಸೌದೆ ರಾಶಿಯಿಂದ ಚಂದದ ಮರ ಎತ್ತಿಡುವುದು ಹೇಗೆ

ಒಲೆಗೆ ಹಾಕುವ ಮುಂಚೆ ಪ್ರತಿ ಸೌದೆಯನ್ನೂ ಒಂದು ಸಲ ತಿರುಗಿಸಿ ನೋಡಿ. ಇಷ್ಟು ಅಭ್ಯಾಸ ಮಾಡಿಕೊಂಡರೆ ಉಳಿಯ ಹಿಡಿ, ಡ್ರಾಯರಿನ ಗುಬ್ಬಿ, ಮರದ ಚಮಚ, ಅಂಗೈಯಗಲದ ಡಬ್ಬಿ, ಇಂಥದ್ದಕ್ಕೆಲ್ಲ ನೀವು ಮರ ಕೊಳ್ಳಬೇಕಾಗಿಯೇ ಬರುವುದಿಲ್ಲ. ಹಲಗೆ ಕೊಯ್ಯುವವರಿಗೆ ಬೇಕಿರುವುದು ಉದ್ದದ, ನೆಟ್ಟನೆಯ ದಿಮ್ಮಿ. ಕವಲು, ಗಂಟು, ಸೊಟ್ಟ ಕೊಂಬೆ ಎಲ್ಲ ಸೌದೆಗೆ ಹೋಗುತ್ತವೆ. ಆದರೆ ಮರದ ಚಂದ ಜಾಸ್ತಿ ಇರುವುದು ಅಲ್ಲೇ.

ನಾನು ಮೊದಲು ಹುಡುಕುವುದು ಕವಲು. ಕಾಂಡ ಎರಡಾಗಿ ಒಡೆಯುವ ಜಾಗದಲ್ಲಿ ಎಳೆಗಳು ಒಂದಕ್ಕೊಂದು ಒತ್ತಿಕೊಂಡು ಹೆಣೆದುಕೊಂಡಿರುತ್ತವೆ. ಕೊಡಲಿಗೆ ಜಗ್ಗುವುದಿಲ್ಲ ಅಂತ ಸೌದೆ ಒಡೆಯುವವರು ಇಂಥವನ್ನು ಪಕ್ಕಕ್ಕೆ ಎಸೆದಿರುತ್ತಾರೆ, ಅಲ್ಲೇ ಹೋಗಿ ನೋಡಿ. ಇದನ್ನು ಕೊಡಲಿಯಿಂದ ಸೀಳಬೇಡಿ, ಗರಗಸದಿಂದ ಕೊಯ್ಯಿರಿ. ಕವಲಿಗೆ ಮೂರು ತುದಿ ಇರುತ್ತವೆ, ಮೂರರಲ್ಲೂ ಉಂಗುರಗಳ ನಡುವಿನ ತಿರುಳನ್ನು ಗುರುತಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ಸೇರಿಸಿ, ಆ ಗೆರೆಯ ಮೇಲೇ ಗರಗಸ ಹೋಗಬೇಕು. ಹಾಗೆ ಹೋದರೆ ಎರಡು ಹೋಳಿನ ಒಳಗೂ ನಡುವಿನಿಂದ ಎರಡೂ ಕಡೆಗೆ ಬಿಚ್ಚಿಕೊಂಡ ಹಕ್ಕಿ ಗರಿಯಂಥ ಚಿತ್ತಾರ ಸಿಗುತ್ತದೆ. ಗೆರೆ ಒಂದು ಬೆರಳು ಆಚೀಚೆ ಆದರೂ ಗರಿ ಮಸುಕಾಗುತ್ತದೆ.

ಆಮೇಲೆ ಗಂಟು. ಕಾಂಡದ ಮೇಲೆ ಬೋರಲು ಹಾಕಿದ ಬಟ್ಟಲಿನಂತೆ ಉಬ್ಬಿರುವುದು ಸಿಕ್ಕರೆ ಬಿಡಲೇಬೇಡಿ, ಒಳಗೆ ಎಳೆಗಳು ಸುಳಿಸುಳಿಯಾಗಿರುತ್ತವೆ. ಬಣ್ಣಕ್ಕಾದರೆ ಚೇಗು, ಅಂದರೆ ಮರದ ಒಳಗಿನ ಬಲಿತ ಗಟ್ಟಿ ಭಾಗ, ನೋಡಿ: ಹಲಸಿನದು ಹಳದಿ, ವರ್ಷ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಹುಣಸೆಯಲ್ಲಿ ಮಾಸಲು ಬಿಳಿಯ ನಡುವೆ ಕಡು ಕಂದು. ಎರಡೂ ಬಣ್ಣ ಒಂದೇ ತುಂಡಿನಲ್ಲಿ ಬರುವಂತೆ ಕೊಯ್ದರೆ ಸಣ್ಣ ವಸ್ತುವಿಗೆ ತುಂಬ ಒಪ್ಪುತ್ತದೆ.

ಇನ್ನೊಂದು, ಮಳೆಯಲ್ಲಿ ನೆಂದು ಮೂಲೆಯಲ್ಲಿ ಬಿದ್ದಿದ್ದ ಮರ. ಮಾವಿನಂಥ ತೆಳು ಬಣ್ಣದ ಮರದಲ್ಲಿ ಪೆನ್ನಿನಿಂದ ಗೀಚಿದಂತೆ ಕಪ್ಪು ಗೆರೆಗಳು ಕಾಣುತ್ತವೆ, ನೋಡಿದ್ದೀರಾ? ಅದು ಶಿಲೀಂಧ್ರದ ಕೆಲಸ. ಒಂದು ಶಿಲೀಂಧ್ರ ಇನ್ನೊಂದನ್ನು ಒಳಗೆ ಬಿಡದಂತೆ ಕಟ್ಟಿಕೊಂಡ ಗೋಡೆಗಳೇ ಆ ಗೆರೆಗಳು. ನೋಡಲು ಭೂಪಟದ ಹಾಗಿರುತ್ತದೆ. ಆದರೆ ಇದು ಕೊಳೆಯುತ್ತಿರುವ ಮರವೇ, ಸ್ವಲ್ಪ ತಡವಾದರೆ ಲಡ್ಡಾಗಿಬಿಡುತ್ತದೆ. ಉಗುರಿನಿಂದ ಒತ್ತಿ ನೋಡಿ, ಉಗುರು ಇಳಿದರೆ ಅದು ಒಲೆಗೇ ಸರಿ. ಇಳಿಯದಿದ್ದರೆ ತಕ್ಷಣ ಒಣಗಲು ಹಾಕಿ, ತೇವ 20% ಗಿಂತ ಕೆಳಗೆ ಬಂದರೆ ಕೊಳೆಯುವುದು ನಿಲ್ಲುತ್ತದೆ. ಇದನ್ನು ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ, ಆ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ.

ಒಳಗೆ ಏನಿದೆ ಅಂತ ತಿಳಿಯದಿದ್ದರೆ ಸುಮ್ನೆ ಒಂದು ಕಡೆ ಚಾಕುವಿನಿಂದ ಕೆತ್ತಿ, ಒದ್ದೆ ಬೆರಳು ಸವರಿ. ಎಣ್ಣೆ ಹಚ್ಚಿದ ಮೇಲೆ ಮರ ಹೇಗೆ ಕಾಣಬಹುದೋ ಹೆಚ್ಚುಕಡಿಮೆ ಹಾಗೇ ಆ ಜಾಗ ಹೊಳೆಯುತ್ತದೆ. ನಾನು ರಾಶಿಯ ಪಕ್ಕ ಒಂದು ಚೊಂಬು ನೀರು ಇಟ್ಟುಕೊಂಡೇ ಕೂರುವುದು.

ಪೇಂಟ್ ಹಚ್ಚಿದ್ದು, ಔಷಧಿ ಕುಡಿಸಿ ಹಸಿರು ಛಾಯೆ ಬಂದ ಹಳೆ ಕಂಬ, ಇವನ್ನು ತರಬೇಡಿ. ಒಲೆಗೂ ಬೇಡ. ಮರದಲ್ಲಿ ನೀಲಿಗಪ್ಪು ಕಲೆ ಕಂಡರೆ ಒಳಗೆ ಮೊಳೆಯೋ ತಂತಿಯೋ ಇರಬಹುದು, ಗರಗಸ ಇಡುವ ಮುಂಚೆ ಅಯಸ್ಕಾಂತ ಆಡಿಸಿ ನೋಡಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಚಂದದ ತುಂಡು ಸಿಕ್ಕ ದಿನವೇ ಅದರ ಎರಡೂ ತುದಿ ಮುಚ್ಚಿ. ಮರದ ನೀರು ಪಕ್ಕದಿಂದ ಹೋಗುವುದಕ್ಕಿಂತ 10–15 ಪಟ್ಟು ಬೇಗ ತುದಿಯಿಂದ ಹೋಗುತ್ತದೆ. ತುದಿ ಒಣಗಿ ಕುಗ್ಗುತ್ತದೆ, ನಡು ಇನ್ನೂ ಹಸಿಯಾಗಿ ಉಬ್ಬಿಕೊಂಡೇ ಇರುತ್ತದೆ, ಬಿರುಕು ಬಿಡದೆ ಇನ್ನೇನಾಗುತ್ತದೆ? ನನ್ನ ಕೈಗೆ ಒಮ್ಮೆ ಹಲಸಿನ ಕವಲು ಸಿಕ್ಕಿತ್ತು, ಅಂಥ ಗರಿ ನಾನು ಮತ್ತೆ ನೋಡಿಲ್ಲ. ಭಾನುವಾರ ಮಾಡಿದರಾಯಿತು ಅಂತ ಬಿಸಿಲು ಬೀಳುವ ಗೋಡೆಗೆ ಒರಗಿಸಿ ಇಟ್ಟೆ. ಭಾನುವಾರ ನೋಡಿದರೆ ಉಗುರು ತೂರುವಷ್ಟು ಅಗಲದ ಬಿರುಕು ಗರಿಯ ನಡುವೆಯೇ ಇಳಿದಿತ್ತು. ಈಗಲೂ ನೆನೆದರೆ ಸಂಕಟವಾಗುತ್ತದೆ. ಕರಗಿಸಿದ ಮೇಣ, ಉಳಿದ ಪೇಂಟ್, ಬಿಳಿ ಮರದಂಟು, ಯಾವುದಾದರೂ ಸರಿ, ಎರಡು ಸಲ ದಪ್ಪಗೆ ಬಳಿಯಿರಿ. ಗಂಟು, ಕವಲಿನ ಕೊಯ್ದ ಮುಖಕ್ಕೂ ತೆಳ್ಳಗೆ ಬಳಿದರೆ ಒಳ್ಳೆಯದು, ಅಲ್ಲಿ ಎಳೆಗಳು ಎಲ್ಲ ದಿಕ್ಕಿಗೂ ಬಾಯಿ ತೆರೆದಿರುತ್ತವೆ.

ದುಂಡನೆಯ ಕೊಂಬೆಯನ್ನು ಹಾಗೇ ಒಣಗಿಸಬೇಡಿ. ಮರ ಉಂಗುರದ ಸುತ್ತ ಕುಗ್ಗುವುದು ನಡುವಿನ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು, ಹಾಗಾಗಿ ಇಡೀ ಕೊಂಬೆ ಎಲ್ಲಾದರೂ ಒಂದು ಕಡೆ ಸೀಳಿಕೊಳ್ಳಲೇಬೇಕು. ತಿರುಳಿನ ಮೇಲೆ ಬೆಣೆ ಇಟ್ಟು ಎರಡು ಹೋಳು ಮಾಡಿ, ತಿರುಳನ್ನು ಕೆತ್ತಿ ತೆಗೆಯಿರಿ. ತೊಗಟೆಯನ್ನೂ ಸುಲಿದುಬಿಡಿ, ಹುಳ ಅಡಗುವುದು ಅದರ ಕೆಳಗೇ. ಕೊನೆಗೆ ಬೇಕಾದ ಅಳತೆಗಿಂತ ಒಂದು ಬೆರಳು ದಪ್ಪ ಬಿಟ್ಟೇ ಕೊಯ್ಯಿರಿ, ಒಣಗುವಾಗ ಸೊಟ್ಟಗಾಗುತ್ತದೆ. ಆಮೇಲೆ ನೆರಳಲ್ಲಿ, ಗಾಳಿ ಆಡುವ ಕಡೆ, ತುಂಡುಗಳ ನಡುವೆ ಒಂದೇ ದಪ್ಪದ ಕಡ್ಡಿ ಇಟ್ಟು ಪೇರಿಸಿ.

ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುತ್ತಾರೆ. ಸಣ್ಣ ತುಂಡುಗಳು ಅದಕ್ಕಿಂತ ಬೇಗ ಆರುತ್ತವೆ. ನಾನು ಅಂದಾಜಿಗಿಂತ ತೂಕವನ್ನೇ ನಂಬುತ್ತೇನೆ: ತುಂಡನ್ನು ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು, ತಾರೀಖು ಮತ್ತು ಗ್ರಾಂ ಅದರ ಮೇಲೇ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಹದಿನೈದು ದಿನಕ್ಕೊಮ್ಮೆ ಮತ್ತೆ. ಮೊದಮೊದಲು ತೂಕ ಜರ್ರನೆ ಇಳಿಯುತ್ತದೆ, ಆಮೇಲೆ ನಿಧಾನ. ಮೂರು ಸಲ ಒಂದೇ ಅಂಕಿ ಬಂದರೆ ಹೊರಗಿನ ಗಾಳಿಗೆ ಅದು ಆರಿದೆ ಅಂತ ಅರ್ಥ. ಡಬ್ಬಿ, ಮುಚ್ಚಳದಂಥ ಬಿಗಿ ಅಳತೆಯ ಕೆಲಸಕ್ಕಾದರೆ ಇನ್ನೂ ಕೆಲವು ವಾರ ಮನೆಯೊಳಗೆ ಇಡಿ. ಚಮಚಕ್ಕೆ ಮಾತ್ರ ಇಷ್ಟು ಕಾಯಬೇಕಿಲ್ಲ, ಹಸಿ ಮರವೇ ಚಾಕುವಿಗೆ ಸುಲಭ. ಕೆತ್ತಿದ್ದನ್ನು ಕಾಗದದ ಚೀಲದಲ್ಲಿ ಸುತ್ತಿ ನಿಧಾನವಾಗಿ ಒಣಗಿಸಿ.

ಒಣಗಿದ ತುಂಡಿನ ಕೆಳಗೆ ಹಿಟ್ಟಿನಂಥ ನುಣ್ಣನೆಯ ಪುಡಿ ಉದುರಿದ್ದರೆ ಕುಟ್ಟೆ ಹುಳ ಒಳಗೆ ಕೆಲಸ ಮಾಡುತ್ತಿದೆ. ಅದನ್ನು ಉಳಿದವುಗಳಿಂದ ಆ ದಿನವೇ ಬೇರೆ ಇಡಿ. ನಡುವಿನ ತನಕ 56 ಡಿಗ್ರಿ ಸೆಲ್ಸಿಯಸ್ ಶಾಖ ಅರ್ಧ ಗಂಟೆ ತಗುಲಿದರೆ ಹುಳ ಸಾಯುತ್ತದೆ. ಓವನ್ ಇದ್ದರೆ, ಚೆನ್ನಾಗಿ ಆರಿದ ಸಣ್ಣ ತುಂಡನ್ನು 65–70 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಡಬಹುದು, ಆದರೆ ಪಕ್ಕದಲ್ಲೇ ಇದ್ದು ನೋಡಿಕೊಳ್ಳಿ.

ಕೊಯ್ಯುವಾಗ ಒಂದೇ ಎಚ್ಚರ. ದುಂಡು ತುಂಡನ್ನು ಯಂತ್ರದ ಗರಗಸಕ್ಕೆ ಕೈಯಲ್ಲಿ ಹಿಡಿದು ಕೊಡಲೇಬೇಡಿ, ಅದು ಉರುಳಿ ಕೈಯನ್ನೂ ಎಳೆದುಕೊಳ್ಳುತ್ತದೆ. ಮೊದಲು ಒಂದು ಮುಖವನ್ನು ಕೈಯಿಂದಲೇ ಕೀಸಿ ಸಪಾಟು ಮಾಡಿ, ಇಲ್ಲವೇ ಚಪ್ಪಟೆ ಹಲಗೆಗೆ ಸ್ಕ್ರೂ ಹಾಕಿ ಬಿಗಿದು ಹಲಗೆಸಮೇತ ನೂಕಿ. ಕವಲಿನ ಮರಕ್ಕೆ ಕೀಸುಳಿ ಹಾಕಿದರೆ ಚಕ್ಕೆ ಕಿತ್ತು ಬರುತ್ತದೆ. ಅಲ್ಲಿ ಉಪ್ಪುಕಾಗದವೇ ಮೇಲು, 80 ನಂಬರಿನ ಒರಟು ಕಾಗದದಿಂದ ಶುರುಮಾಡಿ 120, 180, 240 ಅಂತ ಒಂದನ್ನೂ ಬಿಡದೆ ಹೋಗಿ.

ಬಣ್ಣ, ಪಾಲಿಶ್ ಏನೂ ಬೇಡ. ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಸವರಿ, ಹದಿನೈದು ನಿಮಿಷ ಬಿಟ್ಟು ಮಿಕ್ಕಿದ್ದನ್ನು ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಇನ್ನೊಂದು ಸಲ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಈ ಎಣ್ಣೆ ಒಣಗುವಾಗ ಕಾವು ಹುಟ್ಟಿ ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರವಿ ಒಣಗಿಸಿ, ಆಮೇಲೆ ಎಸೆಯಿರಿ.