ಮೊದಲ ಗುಟುಕಿಗೇ ಅಂಕ ಬೇಡ: ಡಬಲ್ ಐಪಿಎ ರುಚಿ ನೋಡುವ ಕ್ರಮ

ಡಬಲ್ ಐಪಿಎ (ಐಪಿಎ ಎಂದರೆ ಇಂಡಿಯಾ ಪೇಲ್ ಏಲ್) ಖಡಕ್ ಬಿಯರ್. ಆಲ್ಕೋಹಾಲ್ ಶೇ 7.5ರಿಂದ 10, ಕಹಿ 60ರಿಂದ 100 ಐಬಿಯು (ಕಹಿ ಅಳೆಯುವ ಅಂತರರಾಷ್ಟ್ರೀಯ ಮಾನ). ಬಿಯರ್‌ಗೆ ಕಹಿ, ಘಮ ಕೊಡುವ ಹಾಪ್ಸ್ ಹೂವಿನಲ್ಲಿರುವ ಆಲ್ಫಾ ಆಮ್ಲ ಕುದಿಯುವಾಗ ರೂಪ ಬದಲಿಸಿ ಐಸೊ ಆಲ್ಫಾ ಆಮ್ಲವಾಗುತ್ತದೆ. ಅದು ಲೀಟರಿಗೆ ಒಂದು ಮಿಲಿಗ್ರಾಂ ಇದ್ದರೆ ಹೆಚ್ಚುಕಡಿಮೆ ಒಂದು ಐಬಿಯು.

ಈ ಬಗೆಯ ಮೊದಲ ಬಿಯರ್ 1994ರಲ್ಲಿ ಕ್ಯಾಲಿಫೋರ್ನಿಯಾದ ಬ್ಲೈಂಡ್ ಪಿಗ್ ಬ್ರೂಯರಿಯಲ್ಲಿ ವಿನ್ನಿ ಸಿಲುರ್ಜೊ ಕೈಯಲ್ಲಿ ತಯಾರಾಯಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅಲ್ಲಿನ ಉಪಕರಣಗಳು ಹಳೆಯವು. ಅಡ್ಡರುಚಿ ಬಂದರೂ ಮುಚ್ಚಿಹೋಗಲಿ ಎಂದೇ ಅವರು ಹಾಪ್ಸ್ ದುಪ್ಪಟ್ಟು ಹಾಕಿದ್ದರು. ರುಚಿ ನೋಡಲು ಕೂರುವವರು ಮರೆಯಬಾರದ ಸಂಗತಿ ಇದು. ಹಾಪ್ಸ್ ತಪ್ಪನ್ನು ಮುಚ್ಚುತ್ತದೆ, ತಣ್ಣಗಿರುವಾಗಲಂತೂ ಇನ್ನೂ ಚೆನ್ನಾಗಿ ಮುಚ್ಚುತ್ತದೆ. ಬಿಯರ್‌ನ ನಿಜ ಗೊತ್ತಾಗುವುದು ಗ್ಲಾಸಿನ ಕೊನೆಯ ಭಾಗದಲ್ಲಿ, ಅದು ಸ್ವಲ್ಪ ಬೆಚ್ಚಗಾದ ಮೇಲೆ.

ಸುರಿಯುವ ಮೊದಲು

ತುಂಬಿದ ದಿನಾಂಕ ನೋಡಿ. ಹಾಪ್ಸ್ ಘಮ ವಾರದಿಂದ ವಾರಕ್ಕೆ ಇಳಿಯುತ್ತದೆ, ಬೆಚ್ಚಗಿನ ಜಾಗದಲ್ಲಿಟ್ಟರೆ ಬೇಗ ಇಳಿಯುತ್ತದೆ. ತಂಪಿನಲ್ಲಿಟ್ಟಿದ್ದರೂ ಮೂರು ತಿಂಗಳು ದಾಟಿದ್ದರೆ ಅದನ್ನು ಅಂಕದ ಹಾಳೆಯ ಮೇಲ್ತುದಿಯಲ್ಲೇ ಬರೆಯಿರಿ. ಆಮೇಲೆ ಘಮ ಮಂಕಾಗಿ ಕಂಡರೆ ಕಾರಣ ಹುಡುಕಬೇಕಾಗಿಲ್ಲ.

ಬಾಯಿ ಕಿರಿದಾದ ಟ್ಯೂಲಿಪ್ ಗ್ಲಾಸ್ ಒಳ್ಳೆಯದು. ಗ್ಲಾಸಿನಲ್ಲಿ ಜಿಡ್ಡು ಅಥವಾ ಸೋಪು ಉಳಿದಿದ್ದರೆ ನೊರೆ ನಿಲ್ಲುವುದಿಲ್ಲ, ತಪ್ಪು ಬಿಯರ್ ಮೇಲೆ ಬರುತ್ತದೆ. ಒಳಗೆ ನೀರು ಹಾಕಿ ಚೆಲ್ಲಿ ನೋಡಿ: ನೀರು ತೆಳು ಪದರವಾಗಿ ಇಳಿದರೆ ಗ್ಲಾಸ್ ಸ್ವಚ್ಛ, ಹನಿಹನಿಯಾಗಿ ಅಂಟಿ ನಿಂತರೆ ಇನ್ನೊಮ್ಮೆ ತೊಳೆಯಬೇಕು. ಬಟ್ಟೆಯಿಂದ ಒರೆಸದೆ ಬೋರಲು ಹಾಕಿ ಒಣಗಿಸಿ. ಫ್ರೀಜರ್‌ನಲ್ಲಿಟ್ಟ ಗ್ಲಾಸ್ ಬೇಡವೇ ಬೇಡ, ಆ ತಂಪಿಗೆ ಘಮ ಮೇಲೇಳುವುದಿಲ್ಲ.

ಬಿಯರ್ 7–8 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ. ಫ್ರಿಜ್ಜಿನಿಂದ ತೆಗೆದು ಹತ್ತು ಹದಿನೈದು ನಿಮಿಷ ಹೊರಗಿಟ್ಟರೆ ಸಾಮಾನ್ಯವಾಗಿ ಅಲ್ಲಿಗೆ ಬರುತ್ತದೆ, ಥರ್ಮಾಮೀಟರ್ ಇದ್ದರೆ ಅನುಮಾನವೇ ಇರದು. ಗ್ಲಾಸನ್ನು ಓರೆ ಮಾಡಿ ಸುರಿಯಲು ಶುರು ಮಾಡಿ, ಅರ್ಧಕ್ಕೆ ಬಂದಾಗ ನೇರ ಮಾಡಿ. 150 ಮಿ.ಲೀ. ಸಾಕು, ಮೇಲೆ ಎರಡು ಬೆರಳು ನೊರೆ ಬರಲಿ.

ಮೊದಲು ಮೂಗು, ಆಮೇಲೆ ಕಣ್ಣು

ಬಣ್ಣ ಎಲ್ಲಿಗೂ ಓಡಿಹೋಗುವುದಿಲ್ಲ, ಘಮ ಹಾರಿಹೋಗುತ್ತದೆ. ಆದ್ದರಿಂದ ಸುರಿದ ಕೂಡಲೇ ಮೂಸಿ. ಮೊದಲು ಗ್ಲಾಸನ್ನು ಮೂಗಿನಿಂದ 15–20 ಸೆಂ.ಮೀ. ದೂರದಲ್ಲಿ ಹಾಯಿಸಿ. ನಂತರ ಹತ್ತಿರ ತಂದು ಎರಡು ಮೂರು ಚಿಕ್ಕ ಉಸಿರು, ಆಮೇಲೆ ಒಂದು ದೀರ್ಘ ಉಸಿರು. ಕೊನೆಗೆ ಅಂಗೈಯಿಂದ ಗ್ಲಾಸಿನ ಬಾಯಿ ಮುಚ್ಚಿ, ಅದನ್ನು ಮೆಲ್ಲಗೆ ಸುತ್ತಿಸಿ, ಕೈ ತೆಗೆದ ಕ್ಷಣವೇ ಮೂಸಿ. ಮಂದವಾದ ವಾಸನೆಗಳು ಸಿಗುವುದು ಈ ಕೊನೆಯ ಸಲ. ಮೂಗು ಸೋತರೆ ನಿಮ್ಮ ಅಂಗಿಯ ತೋಳನ್ನೇ ಒಮ್ಮೆ ಮೂಸಿ, ಮತ್ತೆ ಚುರುಕಾಗುತ್ತದೆ.

‘ಹಣ್ಣಿನ ಘಮ’ ಎಂದಷ್ಟೇ ಬರೆದರೆ ಏನೂ ಬರೆದಂತಾಗಲಿಲ್ಲ. ಕಿತ್ತಳೆಯಾದರೆ ತೊಳೆಯೋ ಸಿಪ್ಪೆಯೋ? ಮಾವಾದರೆ ಕಳಿತದ್ದೋ ಕಾಯಿಯೋ? ಸಿಟ್ರಾ ಹಾಪ್ಸ್‌ನಲ್ಲಿ ಮಾವು, ಲಿಚಿ ಮುಂದಾಗಿ ಬರುತ್ತವೆ. ಸಿಮ್ಕೊದಲ್ಲಿ ಪೈನ್ ಮರದ ರಾಳ. ಕ್ಯಾಸ್ಕೇಡ್‌ನಲ್ಲಿ ಗ್ರೇಪ್‌ಫ್ರೂಟ್, ಜೊತೆಗೆ ಹೂವು. ಈರುಳ್ಳಿ ಬೆಳ್ಳುಳ್ಳಿ ವಾಸನೆ ಬಂದರೆ ಗಾಬರಿಯಾಗಬೇಡಿ, ತಡವಾಗಿ ಕೊಯ್ದ ಹಾಪ್ಸ್ ಹಾಗೆ ನಾರುವುದುಂಟು. ಅಂಕ ಮಾತ್ರ ಕಡಿಮೆಯಾಗಬೇಕು.

ಕಣ್ಣಿನ ಕೆಲಸ ಚಿಕ್ಕದು: ಬಂಗಾರದಿಂದ ತಿಳಿ ತಾಮ್ರದವರೆಗಿನ ಬಣ್ಣ, ನಿಲ್ಲುವ ನೊರೆ, ಪ್ರತಿ ಗುಟುಕಿನ ನಂತರ ಗಾಜಿಗೆ ಅಂಟುವ ನೊರೆಯ ಬಲೆ. ಬಂಗಾರದ ಬಣ್ಣ ಮಂಕು ಕಂದಿಗೆ ತಿರುಗಿದ್ದರೆ ಗಾಳಿ ತಾಗಿದೆ ಎಂದೇ ಅನುಮಾನಿಸಿ.

ಗುಟುಕು

ಸುಮಾರು 15 ಮಿ.ಲೀ. ಬಾಯಿಗೆ ತೆಗೆದುಕೊಳ್ಳಿ. ನಾಲಿಗೆಯ ಮೇಲೆಲ್ಲ ಹರಡಿ, ನುಂಗಿ, ಬಾಯಿ ಮುಚ್ಚಿಕೊಂಡೇ ಮೂಗಿನಿಂದ ಉಸಿರು ಬಿಡಿ. ವೈನ್‌ನಂತೆ ಇದನ್ನು ಉಗುಳುವ ರೂಢಿಯಿಲ್ಲ, ಏಕೆಂದರೆ ಕಹಿಯ ಪರೀಕ್ಷೆ ಶುರುವಾಗುವುದೇ ನುಂಗಿದ ಮೇಲೆ. ಮನಸ್ಸಿನಲ್ಲೇ 30ರವರೆಗೆ ಎಣಿಸಿ. ಒಳ್ಳೆಯ ಕಹಿ ಏರುತ್ತದೆ, ನಿಲ್ಲುತ್ತದೆ, ಸ್ವಚ್ಛವಾಗಿ ಇಳಿಯುತ್ತದೆ.

ಇಲ್ಲಿ ಬಹಳ ಜನ ಎಡವುವುದು ಕಹಿಯನ್ನೂ ಒಗರನ್ನೂ ಒಂದೇ ಎಂದುಕೊಂಡು. ಕಹಿ ರುಚಿ; ಒಗರು ಬಾಯೊಳಗಿನ ಸ್ಪರ್ಶ. ಎಳೆ ಬಾಳೆಕಾಯಿ ಕಚ್ಚಿದಾಗ ಕೆನ್ನೆಯ ಒಳಭಾಗ ಒಣಗಿ ಹಿಡಿದಂತಾಗುತ್ತದಲ್ಲ, ಅದು ಒಗರು. ಹುದುಗಿನ ಹಂತದಲ್ಲಿ ಒಣ ಹಾಪ್ಸ್ ಅತಿಯಾಗಿ ಹಾಕಿದರೆ ಅದರ ಪಾಲಿಫಿನಾಲ್‌ಗಳು ಈ ಒಗರನ್ನೂ, ಗಂಟಲಲ್ಲಿ ಕೆರೆತವನ್ನೂ ತರುತ್ತವೆ. 90 ಐಬಿಯು ಕಹಿಗೆ ಅಂಕ ಕಡಿಯಬೇಡಿ, ಗಂಟಲು ಕೆರೆದರೆ ಕಡಿಯಿರಿ.

ಸಿಹಿಯನ್ನೂ ಗಮನಿಸಿ. ಇಷ್ಟು ಖಡಕ್ ಆಗಿದ್ದರೂ ಬಿಯರ್ ಹಗುರವಾಗಿ ಗಂಟಲಿಳಿಯಬೇಕು. ಅದಕ್ಕೆಂದೇ ಹಲವು ಬ್ರೂವರ್‌ಗಳು ಪೂರ್ತಿ ಹುದುಗಿಹೋಗುವ ಸರಳ ಸಕ್ಕರೆ ಸೇರಿಸುತ್ತಾರೆ. ತುಟಿಗೆ ತುಟಿ ಅಂಟುವಷ್ಟು ಜಿಗುಟಾದರೆ ಅಲ್ಲಿ ಲೆಕ್ಕ ತಪ್ಪಿದೆ.

ತಪ್ಪುಗಳ ಗುರುತು

ಬೆಣ್ಣೆ ಅಥವಾ ಟಾಫಿಯ ವಾಸನೆ ಬಂದರೆ ಅದು ಡೈಅಸಿಟೈಲ್. ಹಾಪ್ಸ್ ಹೆಚ್ಚಿರುವ ಬಿಯರ್‌ಗೆ ಇದೊಂದು ವಿಶೇಷ ಕಾಟ. ಒಣ ಹಾಪ್ಸ್‌ನಲ್ಲಿರುವ ಕಿಣ್ವಗಳು ಉಳಿದ ಡೆಕ್ಸ್ಟ್ರಿನ್ (ಹುದುಗದೆ ಉಳಿಯುವ ಪಿಷ್ಟದ ತುಣುಕು) ಒಡೆದು ಸಕ್ಕರೆ ಮಾಡುತ್ತವೆ, ಯೀಸ್ಟ್ ಮತ್ತೆ ಎದ್ದು ಹುದುಗಿಸುತ್ತದೆ, ಅದು ಮುಗಿಯುವ ಮುನ್ನವೇ ಬಿಯರ್ ತಣಿಸಿ ತುಂಬಿದರೆ ಬೆಣ್ಣೆ ಉಳಿದುಬಿಡುತ್ತದೆ. ಒದ್ದೆ ರಟ್ಟು ಅಥವಾ ಹಳೆಯ ಜೇನಿನಂಥ ವಾಸನೆಗೆ ಕಾರಣ ಆಮ್ಲಜನಕ. ಸ್ಕಂಕ್ ಪ್ರಾಣಿಯ ಗಬ್ಬು ನಾತ ಬೆಳಕಿನದು: ಹಾಪ್ಸ್‌ನ ಕಹಿ ವಸ್ತು ಬೆಳಕಿಗೆ ಒಡೆದು ಗಂಧಕದ ಸಂಯುಕ್ತವಾಗುತ್ತದೆ. ಕಂದು ಬಾಟಲಿ ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಗಾಜು ಅಷ್ಟಾಗಿ ತಡೆಯದು, ಕ್ಯಾನ್ ಪೂರ್ತಿ ತಡೆಯುತ್ತದೆ. ಚೀಸ್ ಅಥವಾ ಬೆವರಿದ ಕಾಲುಚೀಲದ ವಾಸನೆ ಹಳಸಿದ ಹಾಪ್ಸ್‌ನದು. ನೇಲ್ ಪಾಲಿಶ್ ಅಥವಾ ಥಿನ್ನರ್‌ನಂಥ ಘಾಟು, ಎದೆ ಸುಡುವ ಬಿಸಿ ಇದ್ದರೆ ಹುದುಗುವಾಗ ಉಷ್ಣತೆ ಕೈಮೀರಿತ್ತು ಎನ್ನಬಹುದು. ಶೇ 8ರ ಬಿಯರ್‌ನಲ್ಲಿ ಹಿತವಾದ ಬಿಸುಪು ಸಹಜ, ಉರಿ ಸಹಜವಲ್ಲ.

ಅಂಕ

ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂನ 50 ಅಂಕಗಳ ಹಾಳೆ ಅನುಕೂಲ: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಅನುಭವಕ್ಕೆ 5, ಒಟ್ಟು ಅಭಿಪ್ರಾಯಕ್ಕೆ 10. ಅಲ್ಲಿ 45–50 ಅತ್ಯುತ್ಕೃಷ್ಟ, 38–44 ಉತ್ಕೃಷ್ಟ, 30–37 ಬಹಳ ಚೆನ್ನ, 21–29 ಚೆನ್ನ. ‘ನನಗೆ ಇಷ್ಟವಾಯಿತು’ ಎಂಬುದಕ್ಕೆ ಜಾಗ ಕೊನೆಯ 10ರಲ್ಲಿ ಮಾತ್ರ. ಉಳಿದ 40ರಲ್ಲಿ ಕೇಳಬೇಕಾದದ್ದು ಈ ಬಗೆಗೆ ಇದು ಎಷ್ಟು ಒಪ್ಪುತ್ತದೆ ಎಂದು. ಎರಡನ್ನೂ ಬೆರೆಸಿದರೆ ನಿಮ್ಮ ಹಾಳೆ ಬೇರೆಯವರಿಗೆ ಉಪಯೋಗಕ್ಕೆ ಬರುವುದಿಲ್ಲ.

ಹಲವು ಬಿಯರ್ ಇದ್ದರೆ ಡಬಲ್ ಐಪಿಎ ಕೊನೆಗಿರಲಿ. ಅದರ ಕಹಿ ನಾಲಿಗೆಯ ಮೇಲೆ ಕೂತರೆ ಮುಂದಿನ ಬಿಯರ್ ಸಪ್ಪೆಯಾಗುತ್ತದೆ. ಡಬಲ್ ಐಪಿಎಗಳೇ ಸಾಲಾಗಿದ್ದರೆ ನಡುವೆ ನೀರು, ಉಪ್ಪಿಲ್ಲದ ಬ್ರೆಡ್ ತುಂಡು, ಮೂರು ನಿಮಿಷದ ಬಿಡುವು. ನಾಲ್ಕು ದಾಟಿದರೆ ನಾಲಿಗೆಯನ್ನು ನಂಬಲಾಗದು. ಶೇ 8ರ 330 ಮಿ.ಲೀ. ಬಾಟಲಿಯಲ್ಲಿ ಸುಮಾರು 21 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ, ಹಾಗಾಗಿ ಆ ದಿನ ವಾಹನ ಮುಟ್ಟುವಂತಿಲ್ಲ.

ಮೊದಲ ಸುತ್ತಿನ ಅಂಕವನ್ನು ಪೆನ್ಸಿಲಿನಲ್ಲಿ ಬರೆಯಿರಿ. ಗ್ಲಾಸಿನಲ್ಲಿ ಮೂರನೇ ಒಂದು ಭಾಗ ಉಳಿಸಿ, 13–14 ಡಿಗ್ರಿಗೆ ಬಂದ ಮೇಲೆ ಮತ್ತೆ ಮೂಸಿ, ಮತ್ತೆ ಗುಟುಕರಿಸಿ. ಆಗ ಬೆಣ್ಣೆ, ರಟ್ಟು, ಥಿನ್ನರ್ ಇದ್ದರೆ ತಾವಾಗಿಯೇ ಹೊರಬರುತ್ತವೆ. ಹಳೆಯ ಅಂಕ ಅಳಿಸದೆ ಪಕ್ಕದಲ್ಲಿ ಹೊಸದನ್ನು ಬರೆಯಿರಿ. ಎರಡರ ನಡುವೆ ಐದಕ್ಕಿಂತ ಹೆಚ್ಚು ಅಂತರ ಬಂದರೆ ಇನ್ನೊಂದು ಬಾಟಲಿಯನ್ನು ಬೇರೊಂದು ದಿನ ತೆರೆಯುವುದೇ ಸರಿ.